ಸ್ಟೆಪ್ನಿ ಹೊರುವ ಹಿಂಬಾಗಿಲಿಗೆ ಯಾವ ಆಧಾರ ಸರಿ?

"ಬಾಗಿಲು ಸ್ವಲ್ಪ ಎತ್ತಿ ಹಿಡಿದು ಹಾಕಿ, ಆಗ ಲಾಕ್ ಬೀಳ್ತದೆ." ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಥಾರ್, ಬೊಲೆರೊ ಇರುವ ಮನೆಗಳಲ್ಲಿ ಈ ಮಾತು ಹೊಸದಲ್ಲ. ಮನೆಯವರು ಅದಕ್ಕೆ ಒಗ್ಗಿಹೋಗಿರುತ್ತಾರೆ. ಯಾರಾದರೂ ನೆಂಟರು ಬಂದು ಹಿಂಬಾಗಿಲು ಎಳೆದಾಗಷ್ಟೇ "ಹಾಗಲ್ಲ, ಹೀಗೆ" ಎಂದು ಹೇಳಿಕೊಡಬೇಕಾಗುತ್ತದೆ. ಬಾಗಿಲು ಹೀಗೆ ಜೋಲುವುದಕ್ಕೆ ಬಹುಮಟ್ಟಿಗೆ ಕಾರಣ ಅದರ ಬೆನ್ನಿಗೆ ನೇತಾಡುವ ಸ್ಟೆಪ್ನಿ. ಮುರಕಲ್ಲಿನ ಚಡಾವು, ತೋಟದ ಹೊಂಡದ ದಾರಿ, ಮಳೆ ಕೊರೆದ ಪಂಚಾಯತ್ ರಸ್ತೆ, ಇವುಗಳಲ್ಲಿ ದಿನವೂ ಓಡುವ ಗಾಡಿಯಾದರೆ ತೊಂದರೆ ಬೇಗ ಬರುತ್ತದೆ.

ಇದಕ್ಕೆ ಪರಿಹಾರವಾಗಿ ಟೈಲ್‌ಗೇಟ್ ರೀಇನ್‌ಫೋರ್ಸ್‌ಮೆಂಟ್ (ಹಿಂಬಾಗಿಲಿಗೆ ಹೆಚ್ಚುವರಿ ಆಧಾರ) ಎಂಬ ಹೆಸರಿನಲ್ಲಿ ತರಹೇವಾರಿ ಸಾಮಾನು ಸಿಗುತ್ತದೆ. ಕೆಲವು ನಿಜಕ್ಕೂ ಬಾಗಿಲನ್ನು ಉಳಿಸುತ್ತವೆ. ಕೆಲವು ಕಪ್ಪು ಬಣ್ಣ ಹೊಡೆದ ಅಲಂಕಾರ ಅಷ್ಟೆ. ಎರಡನ್ನೂ ಬೇರ್ಪಡಿಸಲು ನಾನು ಕೇಳುವುದು ಒಂದೇ ಪ್ರಶ್ನೆ: ಟೈರಿನ ಭಾರ ಯಾವ ದಾರಿಯಲ್ಲಿ ಗಾಡಿಯ ಮೈಗೆ (ಬಾಡಿ), ಅಲ್ಲಿಂದ ಅದನ್ನು ಹೊರುವ ಚೌಕಟ್ಟಾದ ಚಾಸಿಗೆ ಇಳಿಯುತ್ತದೆ? ಮಾರುವವನು ಆ ದಾರಿಯನ್ನು ಬೆರಳಿಟ್ಟು ತೋರಿಸಬೇಕು. ಬೆರಳು ಬಾಗಿಲಿನ ತಗಡಿನ ಮೇಲೆಯೇ ನಿಂತುಹೋದರೆ ಆ ಸಾಮಾನು ಬೇಡ.

ಮೊದಲು ಬಾಗಿಲನ್ನೇ ನೋಡಿ

ಅಂಗಡಿಗೆ ಹೋಗುವ ಮೊದಲು ಅಂಗಳದಲ್ಲಿ ಅರ್ಧ ಗಂಟೆ ಕೊಡಿ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಲಿ. ಸ್ಟೆಪ್ನಿಯ ನೆತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಜೋರಾಗಿ ಅಲ್ಲಾಡಿಸಿ. ಆಗ ಏನು ಅಲುಗುತ್ತದೆ ಎಂಬುದನ್ನು ಇನ್ನೊಬ್ಬರು ನೋಡುತ್ತಿರಲಿ. ಟೈರು ಮಾತ್ರ ಅಲುಗಿದರೆ ನಟ್ಟು ಸಡಿಲ. ಟೈರಿನ ಜತೆ ಅದನ್ನು ಹಿಡಿದ ಬ್ರಾಕೆಟ್ಟೂ ಅಲುಗಿದರೆ ಬೋಲ್ಟು ಸಡಿಲ, ಇಲ್ಲವೇ ತಗಡು ಬಾಗುತ್ತಿದೆ. ಇಡೀ ಬಾಗಿಲೇ ಅಲುಗಿದರೆ ಲ್ಯಾಚ್ (ಬಾಗಿಲ ಕೊಂಡಿ) ಇಲ್ಲವೇ ಹಿಂಜ್ (ಬಾಗಿಲು ತಿರುಗುವ ಕೀಲು) ಸವೆದಿದೆ.

ಆಮೇಲೆ ಬಾಗಿಲನ್ನು ಒಂದು ಗೇಣಿನಷ್ಟು ತೆರೆದು, ಹಿಡಿಕೆಯ ಬದಿಯ ಅಂಚನ್ನು ಮೇಲಕ್ಕೆತ್ತಿ ನೋಡಿ. ಹಿಂಜ್‌ನ ಪಿನ್ನಿನಲ್ಲಿ ಟಕ್ ಎಂದು ಆಟ ಕಂಡರೆ ಮೊದಲು ಆಗಬೇಕಾದ ರಿಪೇರಿ ಅದೇ. ಸವೆದ ಹಿಂಜ್‌ನ ಮೇಲೆ ಎಷ್ಟೇ ದಪ್ಪದ ಪ್ಲೇಟು ಕೂರಿಸಿದರೂ ಬಾಗಿಲು ಜೋಲುತ್ತಲೇ ಇರುತ್ತದೆ, ಪ್ಲೇಟಿನ ತೂಕ ಸೇರಿ ಇನ್ನಷ್ಟು ಜೋಲುತ್ತದೆ.

ಈಗ ಸ್ಟೆಪ್ನಿ ಬಿಚ್ಚಿ, ಬ್ರಾಕೆಟ್ಟಿನ ಬೋಲ್ಟುಗಳ ಸುತ್ತ ಟಾರ್ಚ್ ಹಿಡಿಯಿರಿ. ಬಿರುಕು ನೇರವಾಗಿ ಕಾಣುವುದು ಕಡಿಮೆ. ಮೊದಲು ಕಾಣುವುದು ಬಣ್ಣದ ಮೇಲೆ ಕೂದಲೆಳೆಯಂಥ ಗೀಟು, ಅದರ ಬಾಯಿಂದ ಕೆಳಕ್ಕೆ ಇಳಿದ ಕೆಂಪು ತುಕ್ಕಿನ ಜಾಡು. ಇದು ಹೆಚ್ಚಾಗಿ ಮೇಲಿನ ಬೋಲ್ಟುಗಳ ಹತ್ತಿರವೇ ಇರುತ್ತದೆ, ಯಾಕೆಂದು ಮುಂದೆ ಹೇಳುತ್ತೇನೆ. ಉಗುರಿನಿಂದ ಗೀರಿ ನೋಡಿ: ಬಣ್ಣ ಮಾತ್ರ ಎದ್ದು ಬಂದು ಒಳಗೆ ನಯವಾದ ಲೋಹ ಕಂಡರೆ ಬಚಾವ್. ಉಗುರು ಗೀಟಿನೊಳಗೆ ಸಿಕ್ಕಿಕೊಂಡರೆ ಅದು ಬಿರುಕು. ಬಾಗಿಲಿನ ಒಳಬದಿಯ ಪ್ಲಾಸ್ಟಿಕ್ ಟ್ರಿಮ್ ಬಿಚ್ಚಿ ಒಳಗಿಂದಲೂ ನೋಡಬೇಕು. ಕೆಳಗಿನ ಮೂಲೆಯಲ್ಲಿ ಕೆಂಪು ಧೂಳು, ನೀರಿನ ಕಲೆ ಇದ್ದರೆ ಬಾಗಿಲು ಬೀಡಿಂಗಿಗೆ, ಅಂದರೆ ಅಂಚಿನ ರಬ್ಬರಿಗೆ, ಸರಿಯಾಗಿ ಕೂರುತ್ತಿಲ್ಲ ಎಂದರ್ಥ.

ಇದೆಲ್ಲ ನೋಡಿಯೂ ಏನೂ ಕಾಣದಿದ್ದರೆ, ಕಂಪನಿಯ ಟೈರೇ ಇದ್ದರೆ, ನಿಮಗೆ ಬಹುಶಃ ಏನೂ ಕೊಳ್ಳುವ ಅಗತ್ಯವಿಲ್ಲ. ಬೋಲ್ಟು ಬಿಗಿ ಮಾಡಿ, ಟೈರಿಗೂ ಬಾಗಿಲಿಗೂ ನಡುವಿನ ಸವೆದ ರಬ್ಬರ್ ಸ್ಟಾಪರ್ ಬದಲಾಯಿಸಿ ಸುಮ್ಮನಿರಬಹುದು. ಆ ಹಣಕ್ಕೆ ಬೇರೆ ಖರ್ಚು ಇದ್ದೇ ಇರುತ್ತದೆ.

ಸ್ಟೆಪ್ನಿ ತೂಗಿ, ಅಳತೆ ಹಿಡಿಯಿರಿ

ಬಾಗಿಲ ಮೇಲಿನ ಭಾರವನ್ನು ಅಂದಾಜಿನಲ್ಲಿ ಹೇಳಬೇಡಿ. ಅಡಿಕೆ ತೂಗುವ ಕಾಟಾ ಮನೆಯಲ್ಲೇ ಇದ್ದರೆ ಸ್ಟೆಪ್ನಿಯನ್ನು ರಿಮ್ ಸಮೇತ ಅದರ ಮೇಲಿಡಿ. ಟೈರು ದೊಡ್ಡದು ಮಾಡುವ ಯೋಚನೆ ಇದ್ದರೆ ಹೊಸ ಟೈರು, ಹೊಸ ರಿಮ್‌ನ ತೂಕ ಕೇಳಿ ಬರೆದುಕೊಳ್ಳಿ.

ಅಳತೆಯ ಲೆಕ್ಕ ಟೈರಿನ ಮೈಮೇಲೆಯೇ ಇರುತ್ತದೆ. 2020ರ ಥಾರ್‌ನ ಎಲ್‌ಎಕ್ಸ್‌ನಲ್ಲಿ ಬಂದ 255/65 ಆರ್ 18 ಟೈರನ್ನೇ ತೆಗೆದುಕೊಳ್ಳಿ. ಅಗಲ 255 ಮಿ.ಮೀ., ಅದರ ಶೇ. 65 ಅಂದರೆ ಸುಮಾರು 166 ಮಿ.ಮೀ. ಗೋಡೆಯ ಎತ್ತರ. ಅದರ ಎರಡು ಪಟ್ಟಿಗೆ 18 ಇಂಚಿನ ರಿಮ್, ಅಂದರೆ 457 ಮಿ.ಮೀ. ಸೇರಿಸಿದರೆ ಒಟ್ಟು 789 ಮಿ.ಮೀ., ಸುಮಾರು 31 ಇಂಚು. ಹಲವರು ಆಸೆಪಡುವ 285/70 ಆರ್ 17 ಇದೇ ಲೆಕ್ಕದಲ್ಲಿ 831 ಮಿ.ಮೀ. ಆಗುತ್ತದೆ. ಎತ್ತರದಲ್ಲಿ ಸುಮಾರು 4 ಸೆಂ.ಮೀ. ಹೆಚ್ಚಷ್ಟೇ, ಆದರೆ ಅಗಲ 3 ಸೆಂ.ಮೀ. ಹೆಚ್ಚಾಗಿ ಟೈರಿನ ನಡು ಬಾಗಿಲಿನಿಂದ ಇನ್ನಷ್ಟು ಹೊರಕ್ಕೆ ಹೋಗುತ್ತದೆ. ಜಿಮ್ನಿಯ 195/80 ಆರ್ 15 ಕೇವಲ 693 ಮಿ.ಮೀ. ಅದರ ಬಾಗಿಲಿಗೆ ದೊಡ್ಡ ಗಾಡಿಯ ಸಾಮಾನು ಹುಡುಕುವುದು ವ್ಯರ್ಥ.

ತೂಕ ಬಾಗಿಲನ್ನು ಹೇಗೆ ಹಿಂಸಿಸುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡುವ. ಬಾಗಿಲು ಪೂರ್ತಿ ತೆರೆದಾಗ ಲ್ಯಾಚ್‌ನ ಆಸರೆ ಇಲ್ಲ, ಎಲ್ಲವೂ ಎರಡು ಹಿಂಜ್‌ಗಳ ಪಾಲು. ಹಿಂಜ್‌ನಿಂದ ಟೈರಿನ ನಡುವಿಗೆ 60 ಸೆಂ.ಮೀ., ಮೇಲಿನ ಹಿಂಜ್‌ಗೂ ಕೆಳಗಿನದ್ದಕ್ಕೂ ನಡುವೆ 30 ಸೆಂ.ಮೀ. ಎಂದಿಟ್ಟುಕೊಳ್ಳಿ. 30 ಕೆ.ಜಿ. ಸ್ಟೆಪ್ನಿ ಮೇಲಿನ ಹಿಂಜನ್ನು 60 ಕೆ.ಜಿ. ಬಲದಿಂದ ಹೊರಕ್ಕೆಳೆಯುತ್ತದೆ, ಕೆಳಗಿನದ್ದನ್ನು ಅಷ್ಟೇ ಬಲದಿಂದ ಒಳಕ್ಕೊತ್ತುತ್ತದೆ. 40 ಕೆ.ಜಿ. ಆದರೆ ಅದು 80. ಬಾಗಿಲಿನ ಸ್ವಂತ ಭಾರ ಬೇರೆ.

ಬಾಗಿಲು ಹಾಕಿ ಓಡುವಾಗಿನ ಕಥೆ ಇನ್ನೊಂದು. ಟೈರಿನ ನಡು ಬಾಗಿಲಿನ ತಗಡಿನಿಂದ 20 ಸೆಂ.ಮೀ. ಹೊರಗೆ, ಬ್ರಾಕೆಟ್ಟಿನ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 15 ಸೆಂ.ಮೀ. ಇದ್ದರೆ, 30 ಕೆ.ಜಿ. ಸ್ಟೆಪ್ನಿಯಿಂದ ನಿಂತ ಗಾಡಿಯಲ್ಲೇ ಮೇಲಿನ ಬೋಲ್ಟುಗಳ ಮೇಲೆ 40 ಕೆ.ಜಿ. ಎಳೆತ. ಹೊಂಡಕ್ಕೆ ಬಿದ್ದು ಎದ್ದಾಗ ಅದು ಮೂರು ಪಟ್ಟಾದರೂ 120 ಕೆ.ಜಿ. ಆಯಿತು. ಒಂದು ಸಲದ 120 ಕೆ.ಜಿ.ಗೆ ಏನೂ ಆಗುವುದಿಲ್ಲ. ಅದೇ ಎಳೆತ ವರ್ಷಗಟ್ಟಲೆ ಹೊಂಡ ಹೊಂಡಕ್ಕೂ ಬಂದರೆ ಒಂದು ಮಿಲಿಮೀಟರಿಗೂ ತೆಳುವಾದ ಹೊರತಗಡು ದಣಿದು ಬಿರಿಯುತ್ತದೆ. ಮೇಲಿನ ಬೋಲ್ಟಿನ ಹತ್ತಿರ ಮೊದಲು ತುಕ್ಕಿನ ಗೀಟು ಕಾಣುವುದು ಇದಕ್ಕೇ.

ಟೈರು ಬಾಗಿಲಿಗೆ ತಾಗುತ್ತದೆಂದು ಸ್ಪೇಸರ್, ಅಂದರೆ ಟೈರನ್ನು ಹೊರಕ್ಕೆ ತಳ್ಳುವ ತುಂಡು, ಹಾಕುವವರಿದ್ದಾರೆ. ಪ್ರತಿ ಸೆಂಟಿಮೀಟರ್ ಸ್ಪೇಸರೂ ಈ ಎಳೆತವನ್ನು ಹೆಚ್ಚಿಸುತ್ತದೆ. ಸ್ಪೇಸರ್ ಬೇಕೇ ಬೇಕಾದರೆ ಟೈರು ತಾಗದಷ್ಟು ಮಾತ್ರ ಸಾಕು, "ಇರಲಿ" ಎಂದು ದಪ್ಪದ್ದು ಬೇಡ.

ಇನ್ನೊಂದು ಭಾರ ಲೆಕ್ಕಕ್ಕೇ ಬರುವುದಿಲ್ಲ. ಸ್ಟೆಪ್ನಿಗೆ ಬಿಗಿದ 20 ಲೀಟರ್ ಡೀಸೆಲ್ ಕ್ಯಾನ್ ಸುಮಾರು 17 ಕೆ.ಜಿ. ಎಣ್ಣೆ, ಕ್ಯಾನಿನ ತೂಕ ಬೇರೆ. ಬಾಗಿಲಿಗೆ ಸಿಕ್ಕಿಸಿದ ಏಣಿ, ಅದನ್ನು ಹತ್ತುವ ಮನುಷ್ಯ, ಔಷಧಿ ಬಿಡುವ ಪಂಪಿನ ಪೈಪಿನ ಸುರುಳಿ, ಎಲ್ಲವೂ ಅದೇ ಹಿಂಜ್‌ನ ತಲೆಗೆ. ಇವನ್ನು ಬೇರೆ ಕಡೆಗೆ ಸಾಗಿಸಿದರೆ ಎಷ್ಟೋ ಗಾಡಿಗಳಿಗೆ ರೀಇನ್‌ಫೋರ್ಸ್‌ಮೆಂಟ್ ಬೇಕಾಗುವುದೇ ಇಲ್ಲ.

ಯಾವ ಬಗೆ ಯಾರಿಗೆ

ಅತಿ ಸರಳವಾದದ್ದು ಬ್ಯಾಕಿಂಗ್ ಪ್ಲೇಟು. ಬ್ರಾಕೆಟ್ಟಿನ ಹಿಂದೆ, ಬಾಗಿಲಿನ ಒಳಬದಿಯಲ್ಲಿ ಕೂರುವ ಪ್ಲೇಟು ಬೋಲ್ಟಿನ ಎಳೆತವನ್ನು ನಾಲ್ಕು ಬಿಂದುಗಳಿಂದ ದೊಡ್ಡ ಜಾಗಕ್ಕೆ ಹರಡುತ್ತದೆ. ಕಂಪನಿಯ ಟೈರು, ಇಲ್ಲವೇ ಅದಕ್ಕಿಂತ ತುಸು ದೊಡ್ಡದು, ತಗಡು ಬಾಗಲು ಶುರುವಾಗಿದೆ ಆದರೆ ಬಿರಿದಿಲ್ಲ ಎನ್ನುವವರಿಗೆ ಇದು ಸಾಕು. ನಮ್ಮ ಕಡೆಯ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಆದರೆ ಇದು ಹಿಂಜ್‌ನ ಭಾರವನ್ನು ಒಂದು ಗ್ರಾಮೂ ಕಡಿಮೆ ಮಾಡುವುದಿಲ್ಲ ಎಂಬುದು ನೆನಪಿರಲಿ.

ಎರಡನೆಯದು ಹಿಂಜ್‌ಗೇ ಜೋಡಿಸಿದ ಕ್ಯಾರಿಯರ್. ಮೂಲ ಹಿಂಜ್ ಬಿಚ್ಚಿ, ದಪ್ಪ ಹಿಂಜ್‌ಗಳಿರುವ ಒಂದು ಚೌಕಟ್ಟನ್ನು ಕೂರಿಸುತ್ತಾರೆ. ಟೈರು ಆ ಚೌಕಟ್ಟಿಗೆ ನೇತಾಡುತ್ತದೆ. ಭಾರ ಬಾಗಿಲಿನ ತಗಡನ್ನು ದಾಟದೆ ನೇರವಾಗಿ ಹಿಂಜ್‌ಗೆ, ಅಲ್ಲಿಂದ ಬಾಡಿಯ ಕಂಬಕ್ಕೆ ಹೋಗುತ್ತದೆ. ಅಮೆರಿಕದಲ್ಲಿ 2007ರಿಂದ 2018ರ ವರೆಗೆ ಮಾರಾಟವಾದ ಜೀಪ್ ರ‍್ಯಾಂಗ್ಲರ್ ಜೆಕೆ ಗಾಡಿಗಳಿಗೆ 35 ಇಂಚಿನ ಟೈರು ಹಾಕುವ ಚಟ ಹಬ್ಬಿದಾಗ ಈ ಬಗೆಯ ಸಾಮಾನಿಗೆ ದೊಡ್ಡ ಮಾರುಕಟ್ಟೆಯೇ ಹುಟ್ಟಿತು. ಮೋರೈಡ್, ಟೆರಾಫ್ಲೆಕ್ಸ್ ಮೊದಲಾದ ಹೆಸರುಗಳು ಅಲ್ಲಿಂದ ಬಂದವು. ಅವು ರ‍್ಯಾಂಗ್ಲರ್‌ನ ಹಿಂಜ್‌ಗೆ ಮಾಡಿದವು. ಚಿತ್ರ ನೋಡಿ ಥಾರ್‌ಗೂ ಆದೀತು ಎಂದು ತರಿಸಬೇಡಿ, ತೂತುಗಳು ಹೊಂದುವುದಿಲ್ಲ. ನಿಮ್ಮ ಗಾಡಿಯ ಮಾದರಿ, ವರ್ಷಕ್ಕೆಂದೇ ಮಾಡಿದ ಕಿಟ್ ಸಿಕ್ಕಿದರೆ ಮಾತ್ರ ಈ ದಾರಿ. ಬಿರಿದ ಬಾಗಿಲು, 32 ಇಂಚಿಗೂ ದೊಡ್ಡ ಟೈರು ಇದ್ದವರಿಗೆ ಇದೇ ಸರಿ.

ಮೂರನೆಯದು ಬಂಪರಿನಿಂದ ಹೊರಡುವ ತೋಳು, ಅಂದರೆ ಸ್ವಿಂಗ್‌ಔಟ್. ಬಾಗಿಲು ಪೂರ್ತಿ ಹಗುರ, ಭಾರವೆಲ್ಲ ಬಂಪರ್ ಮೂಲಕ ಚಾಸಿಗೆ. ಕೇಳಲು ಚೆಂದ. ಆದರೆ ಬಾಗಿಲು ತೆರೆಯುವ ಮೊದಲು ತೋಳು ತೆರೆಯಬೇಕು, ಗಾಡಿಯ ಹಿಂಭಾಗಕ್ಕೆ ಭಾರವಾದ ಉಕ್ಕಿನ ಬಂಪರ್ ಬೇಕು, ಗಾಡಿ ಉದ್ದವಾಗುತ್ತದೆ, ಕಾನೂನಿನ ಕಿರಿಕಿರಿಯೂ ಹೆಚ್ಚು. ತೋಟಕ್ಕೆ ಹೋಗಿ ದಿನಕ್ಕೆ ಹತ್ತು ಸಲ ಹಿಂಬಾಗಿಲು ತೆರೆಯುವವನಿಗೆ ಇದು ಶಿಕ್ಷೆ. ದೂರದ ಕಾಡುದಾರಿಗಳಲ್ಲಿ ದಿನಗಟ್ಟಲೆ ತಿರುಗುವವರ ಮಾತು ಬೇರೆ. ಕೊಂಡರೆ ತೋಳಿನ ಬುಡದಲ್ಲಿ ಬುಷ್ ಇದೆಯೋ ಬೇರಿಂಗ್ ಇದೆಯೋ ನೋಡಿ, ಗ್ರೀಸ್ ನಿಪ್ಪಲ್ ಇದೆಯೇ ನೋಡಿ. ಲ್ಯಾಚ್ ಕೈಕೊಟ್ಟರೂ ತೋಳು ರಸ್ತೆಗೆ ಬೀಸದಂತೆ ತಡೆಯುವ ಎರಡನೇ ಪಿನ್ನು ಇರಲೇಬೇಕು. ಚೆರ್ಕಳ–ಜಾಲ್ಸೂರು ರಸ್ತೆಯ ತಿರುವಿನಲ್ಲಿ ಅದು ಬಿಚ್ಚಿಕೊಂಡರೆ ಎದುರಿನಿಂದ ಬರುವ ಬೈಕಿನವನ ಗತಿ ಏನು?

ಇವುಗಳ ಜತೆಗೆ, ಬಡವರ ಪಾಲಿನ ರೀಇನ್‌ಫೋರ್ಸ್‌ಮೆಂಟ್ ಎನ್ನಬಹುದಾದ ರಬ್ಬರ್ ಸ್ಟಾಪರ್. ಟೈರಿನ ಗೋಡೆಗೂ ಬಾಗಿಲಿಗೂ ನಡುವೆ ತುಸು ಒತ್ತಿ ಕೂರುವಂತೆ ಹೊಂದಿಸಿದರೆ ಟೈರು ಕುಣಿಯುವುದೇ ನಿಲ್ಲುತ್ತದೆ. ಅರ್ಧದಷ್ಟು ಗಾಡಿಗಳ ಕಟಕಟ ಸದ್ದು ಇಷ್ಟಕ್ಕೇ ಹೋಗುತ್ತದೆ ಎಂಬುದು ನನ್ನ ಅಂದಾಜು.

ವೆಲ್ಡಿಂಗ್ ಶಾಪಿನ ಸಲಹೆಯ ಬಗ್ಗೆ

"ಒಂದು ಪಟ್ಟಿ ಬೆಸೆದು ಬಿಡುವ ಅಣ್ಣ, ಮತ್ತೆ ಅಲ್ಲಾಡ್ಲಿಕ್ಕಿಲ್ಲ." ಹೇಳುವವನ ಮನಸ್ಸು ಒಳ್ಳೆಯದೇ, ಗೇಟು, ಶೀಟಿನ ಚಪ್ಪರ ಮಾಡುವುದರಲ್ಲಿ ಅವನ ಕೈ ಪಳಗಿದ್ದೇ. ಆದರೆ ಬಾಗಿಲಿನ ತೆಳು ತಗಡಿಗೆ ಬೆಸುಗೆ ಹಾಕಿದರೆ ಒಳಬದಿಯ ಪ್ರೈಮರ್ ಸುಟ್ಟುಹೋಗುತ್ತದೆ, ಅಲ್ಲಿಗೆ ಬ್ರಷ್ ತಲುಪುವುದಿಲ್ಲ. ಉಪ್ಪಳ, ಕುಂಬಳೆ, ಮಂಜೇಶ್ವರದ ಉಪ್ಪುಗಾಳಿಗೆ ಆ ಜಾಗ ಎರಡು ಮಳೆಗಾಲ ತಾಳುವುದೂ ಕಷ್ಟ. ಹೊಸ ಬಿರುಕು ಬೆಸುಗೆಯ ಅಂಚಿನಲ್ಲೇ ಹುಟ್ಟುತ್ತದೆ. ಆಗಲೇ ಬಿರಿದ ಬಾಗಿಲಿಗೆ ಬೇರೆ ದಾರಿ ಇಲ್ಲದೆ ಬೆಸುಗೆ ಹಾಕಿಸುವುದಾದರೆ ಬಾಡಿ ಕೆಲಸದವರಲ್ಲೇ ಹಾಕಿಸಿ, ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ಮಾಡಿ, ಶುರು ಮಾಡುವ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ. ಚಾಸಿಗೆ ಬೆಸುಗೆ ಹಾಕಲು, ತೂತು ಕೊರೆಯಲು ಯಾರಿಗೂ ಬಿಡಬೇಡಿ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ

ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಅಂಗಡಿಗೆ ಹೋಗಿ ನೋಡಿ ಕೊಳ್ಳುವುದು ಆನ್‌ಲೈನ್‌ಗಿಂತ ಒಳ್ಳೆಯದು, ಯಾಕೆಂದರೆ ಬೆಸುಗೆಯನ್ನು ಫೋಟೊದಲ್ಲಿ ನೋಡಿ ಹೇಳಲಾಗುವುದಿಲ್ಲ. ಬೆಸುಗೆಯ ಗೆರೆ ಒಂದೇ ಸಮ ಇರಬೇಕು, ಗುಳ್ಳೆ, ತೂತು, ಮಧ್ಯೆ ಬಿಟ್ಟುಹೋದ ಜಾಗ ಇರಬಾರದು. ದಪ್ಪವಿದ್ದಷ್ಟೂ ಒಳ್ಳೆಯದು ಎಂಬ ಮಾತಿಗೆ ಮರುಳಾಗಬೇಡಿ. 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಉಕ್ಕಿನ ಪ್ಲೇಟು 3 ಮಿ.ಮೀ. ದಪ್ಪವಿದ್ದರೆ ಸುಮಾರು 2.8 ಕೆ.ಜಿ., 5 ಮಿ.ಮೀ. ಇದ್ದರೆ 4.7 ಕೆ.ಜಿ. ಆ ಹೆಚ್ಚುವರಿ ಎರಡು ಕೆ.ಜಿ.ಯನ್ನು ಹೊರುವುದೂ ಅದೇ ಹಿಂಜ್. ತೆಳು ಪ್ಲೇಟಿಗೆ ಅಂಚು ಮಡಚಿದ್ದರೆ, ಮಧ್ಯೆ ಏಣು ಒತ್ತಿದ್ದರೆ ಅದು ಬರಿ ಚಪ್ಪಟೆಯಾದ ದಪ್ಪ ಪ್ಲೇಟಿಗಿಂತ ಕಡಿಮೆ ಬಾಗಬಹುದು.

ಬೋಲ್ಟಿನ ತಲೆಯನ್ನು ತಿರುಗಿಸಿ ಓದಿ. 8.8 ಎಂದು ಒತ್ತಿರಬೇಕು. ಅದರ ಅರ್ಥ 800 ಮೆಗಾಪಾಸ್ಕಲ್ (ಒತ್ತಡದ ಅಳತೆ) ವರೆಗೆ ತುಂಡಾಗದೆ ಎಳೆತ ತಾಳುವ ಬಲ, 640ರ ವರೆಗೆ ಶಾಶ್ವತವಾಗಿ ಹಿಗ್ಗದೆ ಉಳಿಯುವ ಶಕ್ತಿ. ಗುರುತೇ ಇಲ್ಲದ ಬೋಲ್ಟು ಬಂದರೆ ಅದನ್ನು ಬೇರೆ ಕೆಲಸಕ್ಕಿಟ್ಟು, ಹಾರ್ಡ್‌ವೇರ್ ಅಂಗಡಿಯಿಂದ 8.8ರ ಬೋಲ್ಟು, ಅದುರಿದರೂ ಸಡಿಲವಾಗದ ನೈಲಾಕ್ ನಟ್ಟು, ಅಗಲದ ವಾಶರ್ ತನ್ನಿ. ತುಕ್ಕಿಗೆ ಹೆದರಿ ಸ್ಟೀಲ್ ಬೋಲ್ಟು, ಅಂದರೆ ಸ್ಟೇನ್‌ಲೆಸ್, ಹಾಕುವವರು ಅದರಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯದ್ದು 700ರ ಬಲದ್ದು ಎಂದು ತಿಳಿದಿರಲಿ. ಅಲ್ಯೂಮಿನಿಯಂ ಪ್ಲೇಟಿಗೆ ಸ್ಟೇನ್‌ಲೆಸ್ ತಾಗಿ ಉಪ್ಪುನೀರು ಬಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಕರಾವಳಿಗೆ ಸತು ಲೇಪಿಸಿದ ಮೇಲೆ ಪೌಡರ್ ಕೋಟ್ ಮಾಡಿದ ಉಕ್ಕೇ ನಂಬಿಕೆಯದ್ದು. ಬರಿ ಪೌಡರ್ ಕೋಟ್ ಒಂದು ಕಲ್ಲು ತಾಗಿ ಎದ್ದರೆ ಒಳಗೊಳಗೇ ತುಕ್ಕು ಹರಡುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಚೌಕದ ಪೈಪಿನ ಚೌಕಟ್ಟಾದರೆ ಕೆಳಗೆ ನೀರು ಹೋಗುವ ತೂತು ಇದೆಯೇ ಎಂದೂ ನೋಡಿ.

ಕಾನೂನು

ಕೆಎಲ್ 14ರ, ಅಂದರೆ ಕಾಸರಗೋಡು ನೋಂದಣಿಯ, ಗಾಡಿಯವರಿಗೆ ಇದು ಹಗುರದ ವಿಷಯವಲ್ಲ. ಕೇರಳದ ಮೋಟಾರು ವಾಹನ ಇಲಾಖೆಯವರು ಆಲ್ಟ್ರೇಶನ್, ಅಂದರೆ ಮಾರ್ಪಾಡಿನ, ವಿಷಯದಲ್ಲಿ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ಸ್ವರೂಪ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಂನಲ್ಲಿ ಅಕ್ರಮ ಮಾರ್ಪಾಡೊಂದಕ್ಕೆ ಮಾಲೀಕನಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡೂ. ಬಾಗಿಲಿನೊಳಗೆ ಕಾಣದಂತೆ ಕೂರುವ ಪ್ಲೇಟು ಗಾಡಿಯ ಸ್ವರೂಪವನ್ನೇನೂ ಬದಲಾಯಿಸುವುದಿಲ್ಲ ಎಂಬುದು ನನ್ನ ತಿಳಿವಳಿಕೆ. ಉಕ್ಕಿನ ಬಂಪರ್, ಸ್ವಿಂಗ್‌ಔಟ್ ಆದರೆ ಹಣ ಕೊಡುವ ಮೊದಲೇ ಕಾಸರಗೋಡು ಆರ್‌ಟಿಒದಲ್ಲಿ ವಿಚಾರಿಸಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ.

ಯಾವ ಬಗೆಯಾದರೂ ನಂಬರ್ ಪ್ಲೇಟು, ಬ್ರೇಕ್ ಲೈಟು, ಇಂಡಿಕೇಟರ್ ಟೈರಿನ ಹಿಂದೆ ಅಡಗಬಾರದು. 2019ರ ಏಪ್ರಿಲ್ ಬಳಿಕದ ಗಾಡಿಗಳಿಗೆ ಬಂದ ಹೈ ಸೆಕ್ಯುರಿಟಿ ಪ್ಲೇಟಿನ ಲಾಕ್ ಒಮ್ಮೆ ಮುರಿದರೆ ಮತ್ತೆ ಬಳಸಲಾಗದು. ಹಾಗಾಗಿ "ಪ್ಲೇಟು ಸ್ವಲ್ಪ ಆಚೆ ಹಾಕುವ" ಎಂಬುದು ಅಷ್ಟು ಸುಲಭದ ಕೆಲಸವಲ್ಲ.

ಕೂರಿಸುವಾಗ

ಇಬ್ಬರು ಬೇಕು. ಬಾಗಿಲಿನ ಕೆಳಗೆ ಜಾಕ್ ಇಟ್ಟು, ನಡುವೆ ಮರದ ತುಂಡು ಕೊಟ್ಟು ಭಾರ ತಾಳಿಸಿ; ಆಮೇಲೆಯೇ ಹಿಂಜ್‌ನ ಬೋಲ್ಟಿಗೆ ಕೈಹಾಕಿ. ಬಿಚ್ಚುವ ಮೊದಲು ಹಿಂಜ್‌ನ ಸುತ್ತ ಪೆನ್ಸಿಲ್ ಗೀಟು ಹಾಕಿಟ್ಟರೆ ವಾಪಸು ಹೊಂದಿಸುವ ಕೆಲಸ ಅರ್ಧ ಮುಗಿದ ಹಾಗೆ. ಹೊಸ ತೂತು ಕೊರೆಯಬೇಕಾದರೆ ಒಳಗಿನ ವಯರು, ವೈಪರಿನ ಮೋಟಾರು, ನೀರಿನ ಪೈಪು ಎಲ್ಲಿವೆ ಎಂದು ಮೊದಲು ನೋಡಿ. ಕೊರೆದ ಅಂಚಿಗೆ ಸತುವಿನ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಬೋಲ್ಟು ಹಾಕಿ. ಒಳಗೆ ಬಿದ್ದ ಉಕ್ಕಿನ ಪುಡಿಯನ್ನು ಅಯಸ್ಕಾಂತದಿಂದ ಹೆಕ್ಕಿ ತೆಗೆಯದಿದ್ದರೆ ಒಂದೇ ಮಳೆಗೆ ಅದು ಕಂದು ಕಲೆಯಾಗಿ ಇಳಿಯುತ್ತದೆ.

ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ಹಿಡಿಸಿ, ಬಾಗಿಲು ನಿಧಾನ ಹಾಕಿ ಲ್ಯಾಚ್ ನೇರಕ್ಕೆ ಬರುತ್ತದೆಯೇ ನೋಡಿ, ಆಮೇಲೆ ಎದುರುಬದುರಾಗಿ ಬಿಗಿ ಮಾಡಿ. ಕಿಟ್‌ನ ಕಾಗದದಲ್ಲಿ ಟಾರ್ಕ್ (ಎಷ್ಟು ಬಿಗಿ ಮಾಡಬೇಕೆಂಬ ಅಳತೆ) ಕೊಟ್ಟಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ 8.8ರ ಎಂ8 ಬೋಲ್ಟಿಗೆ 25 ನ್ಯೂಟನ್ ಮೀಟರ್, ಎಂ10ಕ್ಕೆ 45ರಿಂದ 50ರ ಆಸುಪಾಸು. ಬರಿ ತಗಡಿನ ಮೇಲೆ ಇಷ್ಟು ಬಿಗಿ ಮಾಡಿದರೆ ತಗಡು ಕುಳಿ ಬೀಳುತ್ತದೆ, ಹಿಂದೆ ಪ್ಲೇಟು ಇದ್ದಾಗ ಮಾತ್ರ ಈ ಅಂಕಿ.

ಬೀಡಿಂಗಿನ ಪರೀಕ್ಷೆಗೆ ಒಂದು ನೋಟು ಸಾಕು. ಬಾಗಿಲಿಗೂ ಬೀಡಿಂಗಿಗೂ ನಡುವೆ ಹತ್ತು ರೂಪಾಯಿಯ ನೋಟು ಇಟ್ಟು ಬಾಗಿಲು ಹಾಕಿ, ಮೆಲ್ಲ ಎಳೆಯಿರಿ. ಸುತ್ತಲೂ ಒಂದೇ ಬಿಗಿಯಲ್ಲಿ ಬರಬೇಕು. ಮೇಲಿನ ಮೂಲೆಯಲ್ಲಿ ಬಿಗಿ, ಕೆಳಗಿನ ಮೂಲೆಯಲ್ಲಿ ಸಲೀಸು ಎಂದಾದರೆ ಹಿಂಜ್ ಇನ್ನೂ ಸರಿ ಹೊಂದಿಲ್ಲ. ಕೊನೆಗೆ ರಿವರ್ಸ್ ಕ್ಯಾಮೆರಾ ಟೈರನ್ನೇ ತೋರಿಸುತ್ತಿಲ್ಲವಷ್ಟೇ ಎಂದೂ ನೋಡಿಬಿಡಿ.

ಆಮೇಲೆ

ಬಿಗಿ ಮಾಡಿದ ಪ್ರತಿ ನಟ್ಟಿನಿಂದ ಪ್ಲೇಟಿನ ವರೆಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೀಟು ಎಳೆಯಿರಿ. ಗೀಟು ತುಂಡಾಗಿ ಕಂಡರೆ ನಟ್ಟು ತಿರುಗಿದೆ. ಮೊದಲ 100 ಕಿ.ಮೀ. ಓಡಿದ ಮೇಲೆ ಒಮ್ಮೆ ಟಾರ್ಕ್ ನೋಡಿ, ಮತ್ತೆ 1000 ಕಿ.ಮೀ.ಗೆ. ರಾಣಿಪುರದ ಘಾಟಿಗೋ ಪೊಸಡಿಗುಂಪೆಗೋ ಹೋಗಿ ಬಂದ ಮರುದಿನ ಗಾಡಿ ತೊಳೆಯುವಾಗ ಗೀಟುಗಳ ಮೇಲೊಮ್ಮೆ ಕಣ್ಣಾಡಿಸಿದರೂ ಸಾಕು. ಮಳೆಗಾಲಕ್ಕೆ ಮುನ್ನ ಹಿಂಜ್‌ಗೆ ಗ್ರೀಸ್, ಸ್ಟಾಪರ್ ಒತ್ತುವ ಜಾಗಕ್ಕೆ ಸಿಲಿಕೋನ್ ಸ್ಪ್ರೇ. ರಬ್ಬರಿಗೆ ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ಅದು ಉಬ್ಬಿ ಹಾಳಾಗುತ್ತದೆ.

ಚಡಾವಿನಲ್ಲಿ ನಿಲ್ಲಿಸಿದಾಗ ಬಾಗಿಲು ತಾನಾಗಿ ಬೀಸಿ ಬರುವುದು ಹಿಂಜ್‌ಗೆ ದೊಡ್ಡ ಪೆಟ್ಟು, ಸಾಮಾನು ಇಳಿಸುವವನ ಬೆನ್ನಿಗೂ. ತೆರೆದ ಬಾಗಿಲನ್ನು ಹಿಡಿದಿಡಲು ಕಂಪನಿ ಕೊಟ್ಟ ಸ್ಟೇ ಭಾರವಾದ ಟೈರಿಗೆ ಸಾಲದಿದ್ದರೆ ಗ್ಯಾಸ್ ತುಂಬಿದ ದಂಡ, ಅಂದರೆ ಗ್ಯಾಸ್ ಸ್ಟ್ರಟ್, ಹಾಕಿಸಿ. ಮತ್ತೆ, ಸ್ಟೆಪ್ನಿಗೆ ಕಳ್ಳರ ಭಯಕ್ಕೆ ಲಾಕ್ ನಟ್ಟು ಹಾಕಿದ್ದರೆ ಅದರ ಕೀಲಿಯನ್ನು ಮನೆಯ ಕಪಾಟಿನಲ್ಲಿ ಇಡಬೇಡಿ, ಗಾಡಿಯ ಜಾಕ್‌ನ ಚೀಲದಲ್ಲೇ ಇರಲಿ.